ಚನ್ನಬಸವಯ್ಯನವರ ಬೋಣಿ

"ಕಳ್ಳ ನಮ್ಮ ಕಡೆಯವನೇ!" ಎಂದು ಅಂಬ್ರೀನ್ ಜೋರಾಗಿಯೇ ಹೇಳಿಬಿಟ್ಟಳು.

ಅಡುಗೆಮನೆಯಿಂದ ಅಮ್ಮಿ ಬಾನು, "ಯಾವ ಕಳ್ಳನೇ? ಏನ್ ಹೋಯ್ತು?" ಎಂದು ಗಾಬರಿಯಿಂದ ಕೂಗಿದರು.

"ಏನೂ ಇಲ್ಲ ಅಮ್ಮಿ. ಕಂಪ್ಯೂಟರ್ ಒಳಗಿನ ಕಳ್ಳ."

"ಹಂಗಾದ್ರೆ ಸರಿ," ಎಂದು ಬಾನು ಮತ್ತೆ ಈರುಳ್ಳಿ ಹೆಚ್ಚತೊಡಗಿದರು. ಮನೆಯೊಳಗಿನ ಕಳ್ಳನಾದರೆ ಮಾತ್ರ ಅವರ ಚಿಂತೆ.

ಪರದೆಯ ಮೇಲೆ ಇದ್ದದ್ದು ಅಂಬ್ರೀನಳ ವೆಬ್‌ಪೇಜಿಗೆ ಬಂದು ಹೋದವರ ಪಟ್ಟಿ. ಯಾರು, ಯಾವ ಹೊತ್ತಿಗೆ, ಯಾವ ಕಡೆಯ ಲೈನಿನಿಂದ ಬಂದರು ಎಂದು ಅದು ಚಾಚೂ ತಪ್ಪದೆ ಬರೆದಿಟ್ಟುಕೊಳ್ಳುತ್ತಿತ್ತು. ಒಂಬತ್ತು ದಿನಗಳಿಂದ ಬೆಳಿಗ್ಗೆ ಹತ್ತು ಗಂಟೆ ಆಗುವುದೇ ತಡ, ತುಮಕೂರು ಜಿಲ್ಲೆಯ ಲೈನಿನಿಂದ ಒಂದು ಗುಂಪೇ ನುಗ್ಗುತ್ತಿತ್ತು. ಹನ್ನೊಂದಕ್ಕೆ ಮಾಯ. ಅವಳು ಮಾರಿಸುತ್ತಿದ್ದದ್ದು ವಯಸ್ಸಾದ ಅಮೆರಿಕನ್ ನಾಯಿಗಳ ಹಾಸಿಗೆ. ಅದು ತುಮಕೂರು ಜಿಲ್ಲೆಯಲ್ಲಿ ಯಾರಿಗೆ ಬೇಕಾಗಿತ್ತು?

ಕೆಲಸ ಹೀಗಿತ್ತು. ಅಮೆರಿಕದಲ್ಲಿ ಯಾರಾದರೂ ತಮ್ಮ ಮುದಿ ನಾಯಿಗೆ ಹಾಸಿಗೆ ಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಪಕ್ಕದಲ್ಲಿ ಅಂಬ್ರೀನ್ ಬರೆದ ಎರಡು ಸಾಲಿನ ಜಾಹೀರಾತು ಕಾಣುತ್ತಿತ್ತು. ಅದರ ಮೇಲೆ ಕ್ಲಿಕ್ ಮಾಡಿದರೆ ಅವಳ ಪೇಜು, ಅಲ್ಲಿಂದ ಹಾಸಿಗೆ ಕಂಪನಿಯ ಅಂಗಡಿ. ಅವರು ಕೊಂಡರೆ ಇವಳಿಗೆ ಕಮಿಷನ್. ಆದರೆ ಕೊಳ್ಳಲಿ ಬಿಡಲಿ, ಒಂದೊಂದು ಕ್ಲಿಕ್ಕಿಗೂ ಇವಳ ಕೈಯಿಂದಲೇ ದುಡ್ಡು ಹೋಗುತ್ತಿತ್ತು. ಅದಕ್ಕೇ ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿದ್ದಳು. ಮಿತಿ ಮುಗಿದರೆ ಆ ದಿನವಿಡೀ ಜಾಹೀರಾತು ಕಾಣಿಸುವುದಿಲ್ಲ. ಒಂಬತ್ತು ದಿನದಿಂದ ಅದು ಬೆಳಿಗ್ಗೆ ಹನ್ನೊಂದಕ್ಕೇ ಮುಗಿಯುತ್ತಿತ್ತು. ಅಮೆರಿಕದವರು ಎದ್ದು ನಾಯಿಯ ಕಾಲು ನೋಡುವ ಹೊತ್ತಿಗೆ ಇವಳ ಜಾಹೀರಾತೇ ಇರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸಹಿಸಬಹುದಿತ್ತು. ಕಂಪನಿಗೂ ಅವಳಿಗೂ ನಡುವೆ ಇದ್ದ ಏಜೆನ್ಸಿಯಿಂದ ನಿನ್ನೆ ಒಂದು ಮೇಲ್ ಬಂದಿತ್ತು. ನಿಮ್ಮ ಲಿಂಕಿನಲ್ಲಿ ಜನ ಬರುತ್ತಿದ್ದಾರೆ, ಯಾರೂ ಏನೂ ಕೊಳ್ಳುತ್ತಿಲ್ಲ, ಇವು ಸುಳ್ಳು ಕ್ಲಿಕ್ಕುಗಳೆಂದು ನಮ್ಮ ಅನುಮಾನ. ಯಾರು ಮಾಡುತ್ತಿದ್ದಾರೆಂದು ನಾಳೆಯೊಳಗೆ ತಿಳಿಸದಿದ್ದರೆ ನಿಮ್ಮ ಖಾತೆ ಮುಚ್ಚುತ್ತೇವೆ. ಒಮ್ಮೆ ಮುಚ್ಚಿದರೆ ಆ ಹೆಸರಿಗೆ ಮತ್ತೆ ತೆರೆಯುವುದಿಲ್ಲ.

ಈ ಕೆಲಸ ಹೋದರೆ ಬೇರೆ ಕೆಲಸ ಸಿಗದೆ ಇರುತ್ತಿರಲಿಲ್ಲ. ಬಿ.ಕಾಂ. ಓದಿದವಳಿಗೆ ತಮ್ಮೂರು ಗುಬ್ಬಿಯಲ್ಲಿ ಅಲ್ಲದಿದ್ದರೂ ತುಮಕೂರಿನಲ್ಲಿ ಯಾವುದಾದರೂ ಸ್ಕೂಲು, ಯಾವುದಾದರೂ ಆಫೀಸು ಇದ್ದೇ ಇತ್ತು. ಆದರೆ ಇದು ಅವಳು ಒಬ್ಬಳೇ ಹುಡುಕಿಕೊಂಡದ್ದು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಯಾರೂ ಹೇಳಿಕೊಡದೆ, ಎರಡು ವರ್ಷದಲ್ಲಿ ಕಲಿತದ್ದು.

ಅಮೆರಿಕಕ್ಕೆ ಹಾಕಿದ ಜಾಹೀರಾತು ತುಮಕೂರಿಗೆ ಹೇಗೆ ಕಂಡಿತು ಎಂದು ಸೆಟ್ಟಿಂಗ್ಸ್ ತೆರೆದು ನೋಡಿದಳು. ದೇಶಗಳ ಪಟ್ಟಿಯಲ್ಲಿ ಇಂಡಿಯಾದ ಮುಂದೆ ಟಿಕ್ ಇತ್ತು. ನೋಡಿದ ಕೂಡಲೇ ನೆನಪಾಯಿತು. ಹಾಕಿದವಳು ತಾನೇ.

ಹತ್ತು ದಿನದ ಹಿಂದೆ ಅಬ್ಬಾ ಊಟಕ್ಕೆ ಕೂತಾಗ, "ಅಂಗಡಿ ಅಂಗಡಿ ಅಂತೀಯಲ್ಲಮ್ಮಾ, ಬೋರ್ಡ್ ಎಲ್ಲಿ?" ಎಂದಿದ್ದರು. ದಸ್ತಗೀರ್ ಸಾಬ್ ಮೂವತ್ತು ವರ್ಷದಿಂದ ತಗಡಿನ ಟ್ರಂಕು ಮಾಡುವವರು. ಕ್ಯಾತ್ಸಂದ್ರದ ಹಾಸ್ಟೆಲ್ಲುಗಳಿಗೆ ಸೇರುವ ಹುಡುಗರಲ್ಲಿ ಅರ್ಧದಷ್ಟು ಜನ ಅವರ ಟ್ರಂಕು ಹೊತ್ತೇ ಹೋಗುತ್ತಿದ್ದರು. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಏನೋ ಕಂಪ್ಯೂಟರ್ ಟೈಪಿಂಗು" ಎಂದು ಮಾತು ಮುಗಿಸುವುದು ಅವರ ಪದ್ಧತಿ. ಬೋರ್ಡ್ ತೋರಿಸಿಯೇ ಬಿಡುತ್ತೇನೆಂದು ಅವಳು ಅವತ್ತು ಸಂಜೆ ಇಂಡಿಯಾಕ್ಕೂ ಟಿಕ್ ಹಾಕಿ, ಅವರನ್ನು ಕರೆದು ಕೂರಿಸಿದ್ದಳು. ಅವರು ಕನ್ನಡಕ ಏರಿಸಿ, ಜಾಹೀರಾತನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಹೂಂ" ಎಂದು ನಮಾಜಿಗೆ ಎದ್ದು ಹೋಗಿದ್ದರು. ಆ ಒಂದು "ಹೂಂ" ತಂದ ಬೇಜಾರಿನಲ್ಲಿ ಟಿಕ್ ತೆಗೆಯುವುದೇ ಮರೆತುಹೋಗಿತ್ತು.

ಈಗ ತೆಗೆಯುವುದು ಒಂದು ಕ್ಷಣದ ಕೆಲಸ. ಆದರೆ ತೆಗೆದರೆ ಕಳ್ಳ ಸಿಗುವುದಿಲ್ಲ. ಯಾರೆಂದು ಹೇಳದೆ ಏಜೆನ್ಸಿಯವರು ಬಿಡುವುದಿಲ್ಲ. ಅವಳಿಗೆ ಅನುಮಾನವಿದ್ದದ್ದು ಒಬ್ಬನ ಮೇಲೆ, ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಸಂಗಮೇಶನ ಮೇಲೆ. ಈ ಊರಲ್ಲಿ ಅವಳ ಕೆಲಸದ ಗಂಧ ಗಾಳಿ ಇದ್ದವನು ಅವನೊಬ್ಬನೇ. "ನಂಗೂ ಹೇಳ್ಕೊಡಿ ಮೇಡಮ್" ಎಂದು ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು "ಆಮೇಲೆ ನೋಡೋಣ" ಎಂದಿದ್ದಳು. ಹೊಟ್ಟೆಕಿಚ್ಚಿಗೆ ಇಷ್ಟು ಸಾಕಲ್ಲ ಎಂದುಕೊಂಡು ದುಪಟ್ಟಾ ಎಳೆದುಕೊಂಡು ಹೊರಟಳು.

ಸೈಬರ್ ಇದ್ದದ್ದು ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ. ಅವಳು ಮೆಟ್ಟಿಲು ಹತ್ತಿ ಬಂದಾಗ ಸಂಗಮೇಶ ಕೀಬೋರ್ಡಿಗೆ ಊದುಬತ್ತಿ ಬೆಳಗುತ್ತಿದ್ದ.

"ಏನ್ ಮೇಡಮ್, ಮನೇಲೇ ಕನೆಕ್ಷನ್ ಇದ್ಯಲ್ಲಾ?"

"ಲೈನ್ ಹೋಗಿದೆ," ಎಂದು ಸುಳ್ಳು ಹೇಳಿ ಕೊನೆಯ ಕ್ಯಾಬಿನ್ನಿನಲ್ಲಿ ಕೂತಳು. ಪ್ಲೈವುಡ್ ಗೋಡೆಯ ಸಂದಿಯಿಂದ ಅವನ ಟೇಬಲ್ಲು ಚೆನ್ನಾಗಿ ಕಾಣುತ್ತಿತ್ತು. ಹತ್ತು ಗಂಟೆಗೆ ಇವನು ತನ್ನ ಮಿಷನ್ನಿನ ಮುಂದೆ ಕೂರಲಿ, ಕೈಯಾರೆ ಹಿಡಿಯುತ್ತೇನೆ ಎಂದು ಕಾದಳು.

ಹತ್ತಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಒಂದು ಜೊತೆಯಲ್ಲ, ಹತ್ತಾರು ಜೊತೆ.

"ಸಂಗಮೇಶಪ್ಪ, ನಮ್ ಮಿಷನ್ ಖಾಲಿ ಮಡಗಿದೀಯಾ?"

ಅದು ಅಬ್ಬಾನ ದನಿ.

"ಬನ್ನಿ ಸಾಬ್ರೇ, ಎಲ್ಲಾ ರೆಡಿ. ನಿನ್ನೆ ಹುಡುಕಿದ್ದೇ ಹುಡುಕಿ ಇಟ್ಟಿದೀನಿ."

"ಅಯ್ನೋರೇ, ಮೊದ್ಲು ನೀವು ಕೂತ್ಕಳಿ. ನಿಮ್ ಕೈಗುಣ."

ಅಯ್ನೋರು ಎಂದರೆ ಟ್ರಂಕಿನ ಅಂಗಡಿಯ ಪಕ್ಕದ ಪಾತ್ರೆ ಅಂಗಡಿ ಚನ್ನಬಸವಯ್ಯನವರು. ಗುಬ್ಬಿಯಲ್ಲಿ ಯಾರೇ ಹೊಸ ವ್ಯಾಪಾರ ತೆರೆದರೂ ಮೊದಲ ಬೋಣಿ ಅವರದೇ ಆಗಬೇಕು. ಅವರು ಮುಟ್ಟಿದ ಅಂಗಡಿ ಮುಚ್ಚಿದ್ದಿಲ್ಲ ಎಂದು ಪ್ರತೀತಿ. ಕೆಳಗಿನ ಮೆಡಿಕಲ್ಲಿನ ಬೋಣಿಗೆ ತಲೆನೋವಿಲ್ಲದಿದ್ದರೂ ಮಾತ್ರೆ ಕೊಂಡಿದ್ದರು. ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಹೊಸ ಸಲೂನಿನ ಕುರ್ಚಿಯಲ್ಲಿ ಮೊದಲು ಕೂತವರು ಅವರೇ.

ಅಂಬ್ರೀನ್ ಸಂದಿಗೆ ಕಣ್ಣಿಟ್ಟಳು. ಚನ್ನಬಸವಯ್ಯನವರು ಚಪ್ಪಲಿ ಬಿಟ್ಟು, ಹಣೆಯ ವಿಭೂತಿ ಸರಿಮಾಡಿಕೊಂಡು, ಮೌಸಿನ ಮೇಲೆ ಬಲಗೈ ಇಟ್ಟರು.

"ಎಲ್ಲಿ ಒತ್ತಬೇಕು ಸಾಬ್ರೇ? ನಿನ್ನೆ ಒತ್ತಿದ್ನಲ್ಲಾ, ಅದೇ ತಾನೆ?"

"ಅದೇ ನೀಲಿ ಅಕ್ಷರ. ನನ್ ಮಗಳ ಬೋರ್ಡು."

"ಶಿವ ಶಿವಾ," ಎಂದು ಚನ್ನಬಸವಯ್ಯನವರು ಒತ್ತಿದರು. ಆ ಸದ್ದು ಅಂಬ್ರೀನಳ ಎದೆಗೇ ಬಂದು ತಾಗಿತು.

"ಅಂಜನಮೂರ್ತಿ, ಈಗ ನೀನ್ ಬಾರಪ್ಪ. ಆಮೇಲೆ ನಿನ್ ಹೋಟ್ಲಿಂದ ಕರ್ಕಂಡ್ ಬಂದವ್ರು ಒಬ್ಬೊಬ್ರೇ ಬರ್ಲಿ. ಅಂಗ್ಡಿ ಮುಂದೆ ಜನ ಇದ್ರೆ ತಾನೆ ಜನ ಬರೋದು?" ಎಂದರು ಅಬ್ಬಾ.

"ಅದೇನ್ ಯಾಪಾರ ಸಾಬ್ರೇ, ನಿಮ್ ಮಗಳ್ದು?" ಎಂದು ಟೀ ಹೋಟೆಲಿನ ಅಂಜನಮೂರ್ತಿ ಕೇಳಿದ.

"ಅಮೆರಿಕದಲ್ಲಿ ನಾಯಿಗಳ ಹಾಸಿಗೆ."

"ನಾಯಿಗಾ!"

ಯಾರೋ ಕಿಸಕ್ಕನೆ ನಕ್ಕರು. ಅಬ್ಬಾ ನಗಲಿಲ್ಲ.

"ವಯಸ್ಸಾದ ನಾಯಿ ಕಣಪ್ಪಾ. ಅದ್ಕೂ ಮಂಡಿ ನೋವು ಬರ್ತದೆ. ಬಾಯ್ ಬಿಟ್ಟು ಹೇಳಕ್ಕಾಗ್ತದಾ? ಈ ಗುಬ್ಬೀಲಿ ಕೂತ್ಕಂಡು ಅಲ್ಲಿನ್ ನಾಯಿ ಕಷ್ಟ ಅರ್ಥ ಮಾಡ್ಕಂಡವ್ಳೆ ನನ್ ಮಗಳು. ಒಬ್ಳೇ ಕಲ್ತಿದ್ದು, ಗೊತ್ತಾ? ಇಂಗ್ಲಿಷಲ್ಲಿ ಬೋರ್ಡ್ ಬರ್ದವ್ಳೆ. ನಾನ್ ಓದ್ದೆ."

ಅಂಬ್ರೀನ್ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಗು ಬರುತ್ತಿತ್ತು, ಅದರ ಹಿಂದೆಯೇ ಅಳು. ಒಂಬತ್ತು ದಿನದಿಂದ ಯಾವನೋ ದ್ವೇಷ ಸಾಧಿಸುತ್ತಿದ್ದಾನೆಂದು ಅವಳಿಗೆ ಊಟ ಸೇರಿರಲಿಲ್ಲ. ಕಳ್ಳನೇ ಇರಲಿಲ್ಲ! ಅಷ್ಟು ಹಗುರವಾಗಿಬಿಟ್ಟಿತು ಮನಸ್ಸು. ಆದರೆ ಹೊರಗೆ ಎರಡನೆಯ ಕ್ಲಿಕ್ಕು, ಮೂರನೆಯ ಕ್ಲಿಕ್ಕು ಕೇಳಿಸಿದಾಗ ಎದ್ದು ನಿಲ್ಲದೆ ವಿಧಿಯಿರಲಿಲ್ಲ.

"ಅಬ್ಬಾ, ಸಾಕು."

ಎಲ್ಲರೂ ತಿರುಗಿದರು. ದಸ್ತಗೀರ್ ಸಾಬ್ ಕದ್ದು ಬೆಲ್ಲ ತಿಂದ ಹುಡುಗನಂತೆ ನಿಂತರು.

"ನೀನ್ಯಾಕಮ್ಮಾ ಇಲ್ಲಿ?"

ಹೇಳದಿದ್ದರೆ ನಿಲ್ಲುವುದಿಲ್ಲ, ಹೇಳಿದರೆ ನೋಯುತ್ತಾರೆ. ಅಂಬ್ರೀನ್ ಆದಷ್ಟು ಮೆಲ್ಲಗೆ ಹೇಳಿದಳು. ಒತ್ತಿದಷ್ಟೂ ಹೋಗುವುದು ತನ್ನ ದುಡ್ಡು, ಇಲ್ಲಿ ಖರ್ಚಾದರೆ ಅಲ್ಲಿಗೆ ಉಳಿಯುವುದಿಲ್ಲ, ಏಜೆನ್ಸಿಯವರು ಖಾತೆ ಮುಚ್ಚುತ್ತೇವೆ ಎಂದಿದ್ದಾರೆ. ಮಾತು ಮುಗಿಯುವ ಹೊತ್ತಿಗೆ ಅಂಜನಮೂರ್ತಿಯ ಜೊತೆ ಬಂದವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋಗಿದ್ದರು. ಅಬ್ಬಾ ಕೈಗೆ ಸಿಕ್ಕ ಸ್ಟೂಲಿನ ಮೇಲೆ ಕುಸಿದು ಕೂತರು.

ಚನ್ನಬಸವಯ್ಯನವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೋಡಿದರು. "ನನ್ ಕೈಯಿಂದ ನಷ್ಟ ಆಯ್ತಾ ತಾಯಿ?"

"ಇಲ್ಲ ಅಯ್ನೋರೇ, ಹಂಗಲ್ಲ..."

"ಹಂಗೇ ಅಲ್ವಾ. ದಿನಾ ಮೊದ್ಲು ಒತ್ತಿದ್ದು ನಾನೇ."

"ನಂಗೂ ಗೊತ್ತಿರ್ಲಿಲ್ಲ ಮೇಡಮ್," ಎಂದ ಸಂಗಮೇಶ. "ಗೊತ್ತಿದ್ರೆ ತಡೀತಿದ್ದೆ. ನೀವು ಹೇಳ್ಕೊಡ್ಲಿಲ್ವಲ್ಲಾ."

ಅವನನ್ನು ಕಳ್ಳನೆಂದುಕೊಂಡು ಬಂದದ್ದನ್ನು ನೆನೆದು ಅಂಬ್ರೀನಳ ಮುಖ ಬೆಚ್ಚಗಾಯಿತು. "ಸೋಮವಾರದಿಂದ ಹೇಳ್ಕೊಡ್ತೀನಿ," ಎಂದಳು.

ಏಜೆನ್ಸಿಗೆ ಉತ್ತರವನ್ನು ಅಲ್ಲೇ ಕೂತು ಬರೆದಳು. ಬೇರೆ ಏನಾದರೂ ನೆಪ ಹೇಳಬಹುದಿತ್ತು. ಸೈಬರಿನ ಮಿಷನ್ನುಗಳಿಗೆ ವೈರಸ್ ಬಂದಿತ್ತು ಎಂದು ಬರೆಯಿರಿ ಎಂದು ಸಂಗಮೇಶನೇ ಸೂಚಿಸಿದ. ದಸ್ತಗೀರ್ ಸಾಬ್ ತಲೆಯಾಡಿಸಿದರು. "ಇದ್ದದ್ದು ಇದ್ದಂಗೆ ಬರಿ. ನನ್ ಹೆಸ್ರು ಹಾಕು, ತಪ್ಪು ನಂದು ಅನ್ನು. ಅಯ್ನೋರ ಹೆಸ್ರು ಬೇಡ."

"ನಂದೂ ಹಾಕಮ್ಮಾ," ಎಂದರು ಚನ್ನಬಸವಯ್ಯನವರು. "ಸಾಬ್ರೊಬ್ರೇ ಯಾಕೆ ಸಿಕ್ಕಾಕ್ಕೋಬೇಕು?"

ಎಲ್ಲಕ್ಕಿಂತ ಕಷ್ಟವಾದದ್ದು ಬೋಣಿಯನ್ನು ಇಂಗ್ಲಿಷಿನಲ್ಲಿ ಹೇಳುವುದು. ಒಂದು ಮಾತಿನಲ್ಲಿ ಆಗಲಿಲ್ಲ. ನಮ್ಮ ಕಡೆ ದಿನದ ಮೊದಲ ಗಿರಾಕಿ ಒಳ್ಳೆಯವನಾದರೆ ದಿನವೆಲ್ಲ ವ್ಯಾಪಾರ ಎಂದು ನಂಬುತ್ತಾರೆ, ನನ್ನ ತಂದೆ ಊರಿನ ಅತಿ ಒಳ್ಳೆಯ ಗಿರಾಕಿಯನ್ನು ದಿನಾ ಕರೆತಂದರು, ತಮಗೆ ಗೊತ್ತಿದ್ದ ರೀತಿಯಲ್ಲಿ ನನಗೆ ಸಹಾಯ ಮಾಡಿದರು, ಇದರಲ್ಲಿ ಮೋಸವಿಲ್ಲ, ಮರೆತು ಟಿಕ್ ಉಳಿಸಿದವಳು ನಾನು ಎಂದು ಐದಾರು ಸಾಲು ಬರೆದಳು. ಕಳಿಸಿದ ಮೇಲೆ ಇಂಡಿಯಾದ ಟಿಕ್ ತೆಗೆದು ಮನೆಗೆ ನಡೆದಳು.

ಮರುದಿನ ಅಬ್ಬಾ ಅಂಗಡಿಯಿಂದ ಊಟಕ್ಕೆ ಬಂದವರು ಕಂಪ್ಯೂಟರಿನ ಕೋಣೆಯ ಬಾಗಿಲನ್ನು ದಾಟುವಾಗ ನೆಲ ನೋಡಿಕೊಂಡು ದಾಟಿದರು. ಎದುರು ಸಾಲಿನಲ್ಲಿ ಹೊಸ ಬೇಕರಿಯವರು ಬೋಣಿಗೆ ಕರೆದರೆ ಚನ್ನಬಸವಯ್ಯನವರು, "ಬೇರೆ ಯಾರನ್ನಾದ್ರೂ ಕರ್ಕಳಿ, ನನ್ ಕೈ ಸರಿಯಿಲ್ಲ" ಎಂದು ಕಳಿಸಿಬಿಟ್ಟರಂತೆ. ಅದನ್ನು ಹೇಳುವಾಗ ಅಬ್ಬಾನ ತುತ್ತು ಕೈಯಲ್ಲೇ ಉಳಿಯಿತು. ಅಂಬ್ರೀನಳಿಗೆ ತನ್ನ ಖಾತೆಯ ಚಿಂತೆಯ ಮೇಲೆ ಇದೊಂದು ಸೇರಿಕೊಂಡಿತು.

ಸಂಜೆ ನಾಲ್ಕೂವರೆಗೆ ಉತ್ತರ ಬಂತು. ಅವಳು ಮೊದಲು ಅರ್ಧ ಕಣ್ಣು ಮುಚ್ಚಿಕೊಂಡು ಓದಿದಳು, ಆಮೇಲೆ ಪೂರ್ತಿ ತೆರೆದು ಓದಿದಳು. ನಿಮ್ಮ ಮಾತನ್ನು ಒಪ್ಪಿದ್ದೇವೆ, ಆ ದಿನಗಳ ಕ್ಲಿಕ್ಕುಗಳನ್ನು ಲೆಕ್ಕದಿಂದ ತೆಗೆದಿದ್ದೇವೆ, ಖಾತೆ ಮುಂದುವರಿಯುತ್ತದೆ. ಕೊನೆಯಲ್ಲಿ ಒಂದು ಸಾಲು: ಇನ್ನು ಮುಂದೆ ತಂದೆಯವರಿಗೆ ಜಾಹೀರಾತಿನ ಚಿತ್ರ ಮಾತ್ರ ತೋರಿಸಿ.

"ಅಮ್ಮೀ!" ಎಂದು ಅವಳು ಕೂಗಿದ ಕೂಗಿಗೆ ಬಾನು ಸೌಟು ಹಿಡಿದುಕೊಂಡೇ ಓಡಿ ಬಂದರು. "ಉಳೀತು ಅಮ್ಮಿ, ನನ್ ಕೆಲ್ಸ ಉಳೀತು!" ಬಾನುವಿಗೆ ಏನು ಉಳಿಯಿತೆಂದು ಪೂರ್ತಿ ತಿಳಿಯಲಿಲ್ಲ. ಮಗಳ ಮುಖ ನೋಡಿ ಶಾವಿಗೆಗೆ ಹಾಲು ಇಟ್ಟರು.

ಅಂಬ್ರೀನ್ ಅಂಗಡಿ ಸಾಲಿಗೆ ಹೆಚ್ಚುಕಡಿಮೆ ಓಡಿಕೊಂಡೇ ಹೋದಳು. ಅಬ್ಬಾನಿಗೆ ವಿಷಯ ಹೇಳಿದಳು. ಅವರು ಸುತ್ತಿಗೆ ಕೆಳಗಿಟ್ಟು, "ಅಲ್‌ಹಮ್ದುಲಿಲ್ಲಾ" ಎಂದು ಕಣ್ಣು ಮುಚ್ಚಿ ನಿಂತರು. ಅವರು ಕಣ್ಣು ತೆರೆಯುವ ಮೊದಲೇ ಅವಳು ಪಾತ್ರೆ ಅಂಗಡಿಗೆ ಇಳಿದಿದ್ದಳು.

"ಅಯ್ನೋರೇ, ಮನೆಗೆ ಬರ್ಬೇಕು. ಹೊಸ ಜಾಹೀರಾತು ಬರ್ದಿದೀನಿ, ಶುರು ಮಾಡ್ಬೇಕು. ನೀವೇ ಒತ್ತಬೇಕು."

"ನಾನ್ ಒತ್ತಲ್ಲ ತಾಯಿ. ಮತ್ತೆ ದುಡ್ಡೋಗ್ತದೆ."

"ಈ ಬಟನ್ ಒತ್ತಿದ್ರೆ ಹೋಗಲ್ಲ. ಇದು ಬಾಗ್ಲು ತೆಗ್ಯೋ ಬಟನ್. ಇದಕ್ಕೆ ಕೈಗುಣ ಬೇಕು."

ಅವರು ಅವಳ ಮುಖವನ್ನೇ ನೋಡಿದರು, ಸುಳ್ಳೋ ನಿಜವೋ ಎಂದು. ಆಮೇಲೆ ಎದ್ದರು. ಅಬ್ಬಾನೂ ಅಂಗಡಿ ಬಿಟ್ಟು ಹಿಂದೆಯೇ ಬಂದರು.

ಮನೆಯಲ್ಲಿ ಅವರು ಬಲಗೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು, ಅಂಬ್ರೀನ್ ತೋರಿಸಿದ ಜಾಗದಲ್ಲಿ ಒಂದೇ ಒಂದು ಸಲ ಒತ್ತಿದರು. ಒತ್ತಿದವರೇ ಬೆಂಕಿ ಮುಟ್ಟಿದಂತೆ ಕೈ ಹಿಂತೆಗೆದುಕೊಂಡರು. ಏನೂ ಆಗಲಿಲ್ಲ. ಕೆಂಪಗಿದ್ದ ಒಂದು ಚುಕ್ಕೆ ಹಸಿರಾಯಿತು, ಅಷ್ಟೇ.

"ಆಯ್ತಾ?"

"ಆಯ್ತು ಅಯ್ನೋರೇ. ಅಂಗ್ಡಿ ತೆಗೀತು."

ಚನ್ನಬಸವಯ್ಯನವರು ಉಸಿರು ಬಿಟ್ಟು ನಕ್ಕರು. ಬಾನು ಕೊಟ್ಟ ಶಾವಿಗೆ ಪಾಯಸ ತಿಂದು, "ಆ ಬೇಕ್ರಿಯವ್ನು ಇನ್ನೂ ಕಾಯ್ತಾವ್ನೋ ಏನೋ, ನೋಡ್ತೀನಿ" ಎಂದು ಹೊರಟರು.

ದಸ್ತಗೀರ್ ಸಾಬ್ ಉಳಿದರು. "ಇನ್ಮೇಲೆ ನಮ್ಗೆ ಬೋರ್ಡ್ ಕಾಣಲ್ವಾ?"

"ಇಲ್ಲಿ ಕಾಣಲ್ಲ ಅಬ್ಬಾ. ಅಲ್ಲಿಯೋರಿಗೆ ಕಾಣ್ತದೆ."

"ಈಗ ಅಲ್ಲಿ ಎಷ್ಟೊತ್ತು?"

"ಬೆಳಿಗ್ಗೆ. ಏಳೂವರೆ."

"ನಾಯಿಗಳು ಎದ್ದಿರ್ತವೆ, ಹಂಗಾದ್ರೆ."

ಅವರು ಕುರ್ಚಿಯೊಂದನ್ನು ಎಳೆದುಕೊಂಡು ಮಗಳ ಪಕ್ಕಕ್ಕೆ ಹಾಕಿ ಕೂತರು. ಪರದೆಯ ಮೇಲೆ ನೋಡಲು ಏನೂ ಇರಲಿಲ್ಲ. ಆದರೂ ಕನ್ನಡಕ ಹಾಕಿಕೊಂಡರು. ಮೌಸಿನ ಕಡೆಗೆ ಹೋಗದಂತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಹಸಿರು ಚುಕ್ಕೆಯನ್ನು ನೋಡುತ್ತಾ ಗಿರಾಕಿಗಾಗಿ ಕಾದರು.