ಕೀಬೋರ್ಡಿಗೆ ಕೈ ಹಾಕಬಾರದು

ಪಾಣೆಮಂಗಳೂರು ಪೇಟೆಯ ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ನಮ್ಮ ಪ್ರೋಗ್ರಾಮಿಂಗ್ ಕೂಟ ಸೇರುತ್ತದೆ. ಅದನ್ನು ಕಟ್ಟಿದವಳು ರಾಫಿಯಾ. ಅವಳು ಮಾಡಿದ ನಿಯಮ ಎರಡೇ. ಕಳೆದ ತಿಂಗಳು ಹೊಸದಾಗಿ ಬಂದವರೇ ಈ ತಿಂಗಳು ಮೊದಲು ತಮ್ಮ ಪ್ರೋಗ್ರಾಂ ತೋರಿಸಿ ಮಾತಾಡಬೇಕು. ಮಾತಾಡುವವರ ಕೀಬೋರ್ಡನ್ನು ಬೇರೆ ಯಾರೂ ಮುಟ್ಟಬಾರದು.

ಎರಡನೆಯದನ್ನು ಕೇಳಿ ನಗುವವರು ತಮ್ಮ ಕಾಲೇಜಿನ ಲ್ಯಾಬನ್ನು ನೆನೆದುಕೊಳ್ಳಲಿ. ಒಂದು ಕಂಪ್ಯೂಟರಿಗೆ ನಾಲ್ವರು. ಕೀಬೋರ್ಡ್ ಯಾರ ಕೈಯಲ್ಲಿತ್ತು? ರಾಫಿಯಾ ಮೂರು ವರ್ಷ ಹುಡುಗರ ಬೆನ್ನು ನೋಡಿಯೇ ಕಲಿತಳು. 'ಕೊಡು, ನಾನು ಮಾಡಿ ಕೊಡ್ತೇನೆ' ಎಂಬ ಸೌಜನ್ಯದಿಂದ ಎಷ್ಟು ಕೈಗಳು ಖಾಲಿಯಾಗಿವೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ.

ಆ ಭಾನುವಾರದ ಸರದಿ ವಿನೋದಾಳದ್ದು. ಬೆಳ್ತಂಗಡಿ ಹತ್ತಿರದ ಲಾಯಿಲದ ಹೊಲಿಗೆ ಅಂಗಡಿಯಲ್ಲಿ ಕೆಲಸ. ಓದು ಪಿಯುಸಿಗೆ ನಿಂತದ್ದು. ಮೊಬೈಲಿನಲ್ಲಿ ನೋಡಿ ಕಲಿತು, ಗಂಟೆ ಕೊಟ್ಟರೆ ಅಲ್ಲಿಂದ ಕೊಕ್ಕಡಕ್ಕೆ ಮುಂದಿನ ಬಸ್ಸು ಯಾವಾಗ ಎಂದು ಹೇಳುವ ಪ್ರೋಗ್ರಾಂ ಬರೆದಿದ್ದಳು.

"ಇವತ್ತು ಮರ್ಯಾದೆ ಹೋದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತುದಿಲ್ಲ, ರಾಫಿಯಾಕ್ಕ."

"ಅದು ಮತ್ತೆ ನೋಡುವ. ಈಗ ಪ್ರೊಜೆಕ್ಟರಿನ ವಯರ್ ಸಿಕ್ಕಿಸು."

ಇಪ್ಪತ್ತು ಜನರ ಎದುರು ವಿನೋದಾ 9:45 ಎಂದು ಒತ್ತಿದಳು. ಪರದೆಯ ಮೇಲೆ ಬಂತು: ಇನ್ನು ಬಸ್ಸಿಲ್ಲ.

"ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೇ? ಹಾಗಾದ್ರೆ ನಡ್ಕೊಂಡು ಹೋಗುವ ಮಾರಾಯ್ರೆ," ಎಂದ ಹಿಂದಿನ ಸಾಲಿನ ಅನ್ಸಾಫ್. ನಗೆ ಹಬ್ಬಿತು.

ಮತ್ತೆ ಒತ್ತಿದಳು, ಮತ್ತೆ ಅದೇ ಉತ್ತರ. ಮೂಡುಬಿದಿರೆಯಿಂದ ಬಂದಿದ್ದ ಅತಿಥಿ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅಂಕಿತ್, ಒಳ್ಳೆಯ ಮನಸ್ಸಿನಿಂದಲೇ ಮುಂದೆ ಬಂದರು. "ಕೊಡಿ ಮೇಡಂ, ಎರಡು ನಿಮಿಷದ ಕೆಲಸ." ಅವರ ಕೈ ಚಾಚಿತ್ತು. ವಿನೋದಾ ಆಗಲೇ ಎದ್ದು ಕುರ್ಚಿ ಬಿಟ್ಟುಕೊಟ್ಟಿದ್ದಳು.

"ಸರ್, ಕೂತ್ಕೊಳ್ಳಿ," ಎಂದಳು ರಾಫಿಯಾ.

"ನನಗೆ ತಪ್ಪು ಕಾಣ್ತಾ ಉಂಟು."

"ನಿಮಗೆ ಕಾಣ್ತದೆ, ಗೊತ್ತುಂಟು. ಅವಳಿಗೆ ಕಾಣ್ಬೇಕು. ವಿನೋದಾ, ನೀನೂ ಕೂತ್ಕೋ. ಮನೆಯಲ್ಲಿ ಎಷ್ಟು ಗಂಟೆ ಕೊಟ್ಟು ನೋಡಿದ್ದಿ?"

"ಅಂಗಡಿ ಬಿಟ್ಟು ಬಂದ ಮೇಲೆ ಅಲ್ವಾ ನಾನು ಕೂತದ್ದು. ಮೊಬೈಲಿನ ಇಪ್ಪತ್ನಾಲ್ಕು ಗಂಟೆಯ ಗಡಿಯಾರದಲ್ಲಿ ಎಷ್ಟಾಗಿದೆಯೋ ಅಷ್ಟೇ ಕೊಟ್ಟದ್ದು. ಹದಿನೇಳೂವರೆ, ಹದಿನೆಂಟು..." ಬೆಳಗಿನ ಗಂಟೆಯನ್ನು ಅವಳು ಒಮ್ಮೆಯೂ ಕೊಟ್ಟಿರಲಿಲ್ಲ.

10:00 ಒತ್ತಿದಳು. ಸರಿಯಾಗಿ 10:15 ಎಂದು ಬಂತು. ಆಮೇಲೆ ತನ್ನ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದಳು.

"ಒಂದೇ ಅಂಕಿಯ ಗಂಟೆಗೆ ಮಾತ್ರ ತಪ್ಪುದು," ಎಂದಳು ಕೊನೆಗೆ ನಮ್ಮತ್ತ ತಿರುಗಿ. "ಇದು ಗಂಟೆಯನ್ನು ಎಣಿಸುದಿಲ್ಲ, ಅಕ್ಷರದ ಹಾಗೆ ಓದ್ತದೆ. ಹತ್ತರ ಮೊದಲ ಅಂಕಿ ಒಂದು. ಅದು ಒಂಬತ್ತಕ್ಕಿಂತ ಸಣ್ಣದು. ಹಾಗೆ ಹತ್ತೂಕಾಲಿನ ಬಸ್ಸು ಹೋಗಿ ಆಯ್ತು ಅಂತ ತಿಳ್ಕೊಂಡಿದೆ." ಅಂಥ ಗಂಟೆಗಳ ಮುಂದೆಲ್ಲ ಒಂದೊಂದು ಸೊನ್ನೆ ಇಟ್ಟಳು. 09:45. ಉತ್ತರ ಬಂತು: 10:15.

ಏಳು ನಿಮಿಷ ಹಿಡಿದಿತ್ತು. ಬಲ್ಲವರೂ ಬಾಯಿ ಮುಚ್ಚಿ ಏಳು ನಿಮಿಷ ಕಾಯುವುದನ್ನು ಯಾವ ಕಾಲೇಜೂ ಕಲಿಸಿಲ್ಲ, ರಾಫಿಯಾ ಕಲಿಸಿದ್ದಾಳೆ.

"ನನ್ನ ಲ್ಯಾಬಿನಲ್ಲಿ ನಾನು ಇಷ್ಟು ಹೊತ್ತು ಕಾದದ್ದಿಲ್ಲ," ಎಂದರು ಅಂಕಿತ್ ಮೆಲ್ಲಗೆ.

"ಗೊತ್ತುಂಟು ಸರ್, ನಾನೂ ಅಂಥ ಲ್ಯಾಬಿನಲ್ಲೇ ಇದ್ದವಳು," ಎಂದ ರಾಫಿಯಾ ಎಲ್ಲರತ್ತ ತಿರುಗಿದಳು. "ಮುಂದಿನ ತಿಂಗಳು ಹೊಸಬರನ್ನು ಮಾತಾಡಿಸ್ಲಿಕ್ಕೆ ಬಾಗಿಲಲ್ಲಿ ಯಾರು ನಿಲ್ತೀರಿ?"

"ನಾನು ನಿಲ್ತೇನೆ," ಎಂದಳು ವಿನೋದಾ. "ಒಂಬತ್ತೂವರೆಗಿಂತ ಮೊದಲು ಮಾತ್ರ ಆಗ್ಲಿಕ್ಕಿಲ್ಲ. ಬೆಳ್ತಂಗಡಿಯಿಂದ ಬರ್ಬೇಕಲ್ಲ."