ಬಾಗಿಲ ಬದಿಯ ಕುರ್ಚಿ

ನಾಲ್ಕು ದಿನದಿಂದ ಟಿವಿಯಲ್ಲಿ ಮದ್ದಳೆ ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಜಯಪಾಲರು ದಿನಾ ಸಂಜೆ ನಾಲ್ಕಕ್ಕೆ ಜೆಪ್ಪುವಿನಿಂದ ಬಸ್ಸು ಹತ್ತಿ ಮಣ್ಣಗುಡ್ಡಕ್ಕೆ ಸೊಸೆಯ ಫ್ಲ್ಯಾಟಿಗೆ ಬರುತ್ತಿದ್ದದ್ದೇ ಆ ಮಾತಿಗಾಗಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತು ವಾದ ಮಾಡುವುದೇ ಆಟ. ಮಾತು ಹೋದರೆ ಉಳಿಯುವುದೇನು? ಕೇಳುವುದಿಲ್ಲ ಎಂದು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ. ಮೊದಲ ದಿನ ವಾದ ಮಾಡುವ ಅರ್ಥಧಾರಿಗೆ ಬೈದರು.

“ಈಗಿನವರಿಗೆ ಗಂಟಲೇ ಇಲ್ಲ ಮಾರಾಯ್ತಿ. ಹೆಂಡತಿಯ ಹತ್ರ ಗುಟ್ಟು ಹೇಳಿದ ಹಾಗೆ ಅರ್ಥ ಹೇಳ್ತಾರೆ.”

ಎರಡನೆಯ ದಿನ ಇಂಟರ್ನೆಟ್ಟಿಗೆ ಬೈದರು. ಮೂರನೆಯ ದಿನ ಯಾರಿಗೂ ಬೈಯದೆ ಒಂದು ಗಂಟೆ ಕೂತು, ಚಾ ಕುಡಿದು ಹೋದರು. ನಾಲ್ಕನೆಯ ದಿನ ಚಪ್ಪಲಿ ಮೆಟ್ಟುತ್ತ, “ನಾಳೆಯಿಂದ ಬರುದಿಲ್ಲ ಮಗಾ. ಬಸ್ಸು ಹತ್ತುವಾಗ ಗಂಟು ನೋಯ್ತದೆ” ಎಂದರು.

ಮನ್ವಿತಾ “ಆಯ್ತು ಮಾವ” ಎಂದಳು.

ಗಂಡ ಶ್ರವಣ್ ಹೋಗಿ ಹನ್ನೊಂದು ತಿಂಗಳಾಗಿತ್ತು. ಬೈಕಂಪಾಡಿಯ ಗೋದಾಮಿನಲ್ಲಿ ಲಾರಿಗೆ ಚೀಟಿ ಬರೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಜೆಪ್ಪುವಿನ ಮನೆಯಲ್ಲಿ ಅತ್ತೆ ಸ್ನೇಹಲತಾ ಅಂದೇ ಟಿವಿಯ ಮೇಲೆ ಟವೆಲು ಹೊದಿಸಿದ್ದರು, ಇನ್ನೂ ತೆಗೆದಿಲ್ಲ. ಮಾವನಿಗೆ ಇದ್ದದ್ದು ಇದೊಂದೇ ಜಾಗ. ಅವರು ಬಾರದ ಸಂಜೆ ಹೇಗಿರಬಹುದು ಎಂದು ಮನ್ವಿತಾ ಯೋಚಿಸಿ ನೋಡಿದಳು. ಏನೂ ಅನಿಸಲಿಲ್ಲ. ಏನೂ ಅನಿಸದ್ದಕ್ಕೇ ಒಂದಿಷ್ಟು ಹೆದರಿಕೆಯಾಯಿತು.

ಮರುದಿನ ಮಧ್ಯಾಹ್ನ ಅವಳು ರೇಮಂಡನಿಗೆ ಫೋನ್ ಮಾಡಿದಳು. ಮದುವೆ ಹಾಲುಗಳಿಗೆ ಸೌಂಡ್ ಕೊಡುವವನು, ಶ್ರವಣನ ಗೆಳೆಯ. ಟಿವಿಯ ಕೆಳಗಿನ ಕಪ್ಪು ರಿಸೀವರನ್ನೂ ಅದು ಸದ್ದು ಹಂಚುವ ಐದು ಸ್ಪೀಕರುಗಳನ್ನೂ ಆರಿಸಿಕೊಟ್ಟವನು ಅವನೇ.

“ಹಾಡು, ಮದ್ದಳೆ ಎಲ್ಲ ಎಡ ಬಲದಲ್ಲಿ ಬರ್ತದೆ. ಮಾತು ಬರುದು ನಡುವಿನ ಸ್ಪೀಕರಿನಲ್ಲಿ ಮಾತ್ರ. ನಿಮ್ಮದು ಅದೇ ಸತ್ತಿದೆ…” ಎಂದವನು ತಡವರಿಸಿದ. “ಅಂದ್ರೆ, ಬಂದ್ ಆಗಿದೆ.”

“ಸತ್ತಿದೆ ಅಂತಲೇ ಹೇಳಿ ರೇಮಂಡ್. ನನಗೆ ಬೇಗ ಅರ್ಥ ಆಗ್ತದೆ.”

“ವಯರು ಗಟ್ಟಿ ಉಂಟಾ ನೋಡಿ.”

ಅವಳು ಹಿಂದೆ ಕೈ ಹಾಕಿ ಎಳೆದು ನೋಡಿದಳು. ಗಟ್ಟಿ ಇತ್ತು.

“ಹಾಗಾದ್ರೆ ಒಮ್ಮೆ ಪೂರ್ತಿ ರೀಸೆಟ್ ಮಾಡಿ. ಎದುರಿನ ಎರಡು ಬಟನ್ ಒಟ್ಟಿಗೆ ಒತ್ತಿ ಐದು ಸೆಕೆಂಡ್ ಹಿಡಿಯಿರಿ. ಹೆಚ್ಚಾಗಿ ಸರಿಯಾಗ್ತದೆ. ಆದ್ರೆ…” ಅವನ ಹಿಂದೆ ಯಾರೋ ಮೈಕಿನಲ್ಲಿ ಒಂದು, ಎರಡು ಎಣಿಸುತ್ತಿದ್ದರು. “ಅವನು ಮಾಡಿಟ್ಟ ಸೆಟ್ಟಿಂಗ್ ಎಲ್ಲ ಅಳಿಸಿಹೋಗ್ತದೆ. ಮತ್ತೆ ಬರುದಿಲ್ಲ.”

ಆ ಸೆಟ್ಟಿಂಗ್ ಮಾಡಿದ ಭಾನುವಾರ ಅವಳಿಗೆ ನೆನಪಿತ್ತು. ಫ್ಯಾನು, ಫ್ರಿಜ್ಜು ಎಲ್ಲ ಬಂದ್ ಮಾಡಿ ಶ್ರವಣ್ ಅವಳನ್ನು ಅಡಿಗೆಮನೆಗೆ ಕಳಿಸಿ ಬಾಗಿಲು ಹಾಕಿದ್ದ. ಕೇಳುವವರ ಕಿವಿ ಇರುವ ಜಾಗದಲ್ಲಿ ಒಂದು ಸಣ್ಣ ಮೈಕು ಇಟ್ಟರೆ ಯಂತ್ರವೇ ಪ್ರತಿ ಸ್ಪೀಕರಿನ ದೂರ ಅಳೆಯುತ್ತದಂತೆ. ಸದ್ದಾಗಬಾರದು. “ಹತ್ತು ನಿಮಿಷ ಒಗ್ಗರಣೆ ಇಲ್ಲ!” ಎಂದು ಒಳಗಿನಿಂದಲೇ ಕೂಗಿದ್ದ. ಒಂದು ಕಾಗೆ ಕೂಗಿತೆಂದು ಮೊದಲಿಂದ ಶುರುಮಾಡಿದ್ದ. ಇಷ್ಟೆಲ್ಲ ಮಾಡಿದ ಮೇಲೂ ಸೋಫಾದಲ್ಲಿ ಕೂತರೆ ಹಾಡು ಎಡಕ್ಕೆ ವಾಲಿದಂತೆ ಕೇಳುತ್ತಿತ್ತು, ಮಾತು ಕಿವಿಗೆ ಬಡಿಯುತ್ತಿತ್ತು. ಅವಳು ಎರಡು ಮೂರು ಸಲ ಹೇಳಿದ್ದಳು. “ಅದು ಹಾಗೇ” ಎಂದಿದ್ದ.

ಅಳಿಸುವ ಮೊದಲು ಬರೆದಿಟ್ಟುಕೊಳ್ಳೋಣ ಎಂದು ಅವಳು ಕ್ಯಾಲೆಂಡರಿನ ಹಳೆಯ ಹಾಳೆ ಹರಿದಳು. ಟಿವಿಯಲ್ಲಿ ಬಂದ ದೂರದ, ಸದ್ದಿನ ಅಂಕಿಗಳನ್ನು ಬರೆದುಕೊಂಡಳು. ನಡುವಿನ ಸ್ಪೀಕರು 2.6 ಮೀಟರ್. ಎಡ 3.3. ಬಲ 2.1.

ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಟಿವಿಯ ಎದುರಿಗೆ ನೆಟ್ಟಗಿರುವ ಸೋಫಾಕ್ಕೆ ಎಡ ಬಲ ಎರಡೂ ಒಂದೇ ದೂರ ಇರಬೇಕು. ಈ ಅಂಕಿಗಳು ತಪ್ಪು.

ಬೆಲ್ಲು ಆಯಿತು. ಜಯಪಾಲರು.

“ಕೊಡೆ ಬಿಟ್ಟು ಹೋಗಿದ್ದೆ” ಎಂದರು. ಕೊಡೆ ಅವರ ಕೈಯಲ್ಲೇ ಇತ್ತು. ಅವರೂ ಅದನ್ನು ನೋಡಿಕೊಂಡರು. “ಇದಲ್ಲ. ಇನ್ನೊಂದು.”

“ಮಾವ, ಸ್ವಲ್ಪ ಟೇಪು ಹಿಡೀತೀರಾ?”

ಶ್ರವಣನ ಸ್ಟೀಲ್ ಟೇಪಿನ ತುದಿಯನ್ನು ಅವರು ಬಲದ ಸ್ಪೀಕರಿಗೆ ಒತ್ತಿ ಹಿಡಿದರು. ಅವಳು 2.1ರವರೆಗೆ ಎಳೆದು, ಕೋಣೆಯಲ್ಲಿ ಅರ್ಧ ಸುತ್ತು ಬಂದಳು. ಆಮೇಲೆ ಎಡದಿಂದ 3.3. ಎರಡೂ ಅಳತೆ ಕೂಡುವುದು ಸೋಫಾದ ಹತ್ತಿರ ಎಲ್ಲೂ ಅಲ್ಲ, ಬಾಗಿಲ ಬದಿಯ ಬೆತ್ತದ ಕುರ್ಚಿಯ ಮೇಲೆ. ನಡುವಿನಿಂದ 2.6 ಹಿಡಿದಾಗ ಅವಳ ಕೈ ಕುರ್ಚಿಯ ಬೆನ್ನಿಗೇ ಬಂದು ತಾಗಿತು.

ರಿಸೀವರ್ ಮನೆಗೆ ಬಂದ ದಿನ ಜಯಪಾಲರು ಆ ಕುರ್ಚಿಯಲ್ಲಿ ಕೂತದ್ದು. “ಮನೆಯಲ್ಲಿ ಟಾಕೀಸು ಮಾಡ್ಲಿಕ್ಕೆ ಹೊರಟಿದ್ದಾನೆ. ಇದರ ಎದುರು ಕೂರುವವ ನಾನಲ್ಲ” ಎಂದು ಚಪ್ಪಲಿಗೆ ಕಾಲು ತಾಗುವಷ್ಟು ಹತ್ತಿರ ಕೂತಿದ್ದರು. ಆಮೇಲೆ ಎಷ್ಟು ಕರೆದರೂ ಸೋಫಾಕ್ಕೆ ಬರಲಿಲ್ಲ. ಮಗ ಹೋದ ಮೇಲೂ ಅಲ್ಲೇ.

“ಎಂತ ಅದು?” ಎಂದರು.

“ಅವರು ಮೈಕು ಇಟ್ಟದ್ದು ಇಲ್ಲಿ. ನಿಮ್ಮ ಕುರ್ಚಿಯಲ್ಲಿ. ಮಾತಿನ ಸ್ಪೀಕರಿಗೆ ಸದ್ದು ಆರು ಪಾಯಿಂಟ್ ಹೆಚ್ಚು ಇಟ್ಟಿದ್ದಾರೆ. ಬೇರೆ ಯಾವುದಕ್ಕೂ ಅಷ್ಟಿಲ್ಲ.”

“ನನಗೆ ಕಿವಿ ಕೇಳ್ತದೆ.”

“ಹೌದು ಮಾವ.”

ಅವರು ಟೇಪು ಬಿಟ್ಟರು. ಅದು ಸರ್ರನೆ ಅವಳ ಕೈಯೊಳಗೆ ಸುತ್ತಿಕೊಂಡಿತು.

“ಒಂದು ಮಾತು ಹೇಳ್ಬಹುದಿತ್ತಲ್ಲ ಅವನಿಗೆ.”

“ಹೇಳಿದ್ರೆ ನೀವು ಹಠಕ್ಕೆ ಎದ್ದು ಸೋಫಾದಲ್ಲಿ ಕೂರ್ತಿದ್ರಿ.”

ಜಯಪಾಲರು ನಗಲು ಹೋದರು. ಅದು ಕೆಮ್ಮಾಯಿತು. ತುಂಬ ಹೊತ್ತು ಕೆಮ್ಮಿದರು. ಅವಳು ನೀರು ತಂದುಕೊಟ್ಟು, ರೇಮಂಡ್ ಹೇಳಿದ್ದನ್ನು ಹೇಳಿದಳು. ಅಳಿಸದಿದ್ದರೆ ಮಾತಿಲ್ಲ. ಅಳಿಸಿದರೆ ಅವನು ಮಾಡಿಟ್ಟದ್ದಿಲ್ಲ.

“ನೀನು ನೋಡು” ಎಂದರು, ಲೋಟದೊಳಗೆ ನೋಡುತ್ತ.

ಮನ್ವಿತಾ ಮೊಣಕಾಲೂರಿ ಕೂತು ಎರಡು ಬಟನುಗಳ ಮೇಲೆ ಹೆಬ್ಬೆರಳಿಟ್ಟಳು. ಐದರವರೆಗೆ ಎಣಿಸಿದಳು. ಒಳಗೆ ಟಕ್ ಎಂದಿತು. ನಿಮಗೆ ಯಾವ ಭಾಷೆ ಬೇಕು ಎಂದು ಟಿವಿ ಇಂಗ್ಲಿಷಿನಲ್ಲಿ ಕೇಳಿತು, ಯಾರನ್ನೋ ಹೊಸದಾಗಿ ಕಂಡಂತೆ.

ತಾಳಮದ್ದಳೆ ಹಾಕಿದಳು. ಮದ್ದಳೆ ಕೇಳಿತು. ಮಾತು ಕೇಳಲಿಲ್ಲ.

ಅವಳು ನೆಲದ ಮೇಲೆ ಹಾಗೆಯೇ ಕೂತಳು. ಜಯಪಾಲರು ಮೊಬೈಲಿನ ಟಾರ್ಚು ಹಚ್ಚಿ, ಗಂಟುನೋವು ಮರೆತು ರಿಸೀವರಿನ ಹಿಂದೆ ಬಗ್ಗಿದರು. ಮೂವತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿ ಗ್ಯಾಸಿನ ಪೈಪು, ಗ್ರೈಂಡರಿನ ಪ್ಲಗ್ಗು ನೋಡಿದ ಕೈ. ಗಟ್ಟಿಯಿದ್ದ ವಯರನ್ನೇ ತಿರುಚಿ ಹೊರಗೆಳೆದು ಬೆಳಕಿಗೆ ಹಿಡಿದರು. ತಾಮ್ರದ ಎಳೆಗಳು ಹಸಿರಾಗಿದ್ದವು.

“ಕಿಲುಬು! ಕಡಲ ಗಾಳಿ ಮಾರಾಯ್ತಿ. ಗಟ್ಟಿ ಇದ್ದು ಎಂತ ಮಾಡುದು, ಒಳಗೆ ಹೀಗಾದ್ರೆ?”

“ಹಾಗಾದರೆ ಸುಮ್ಮನೆ ಅಳಿಸಿದೆ” ಎಂದಳು ಮನ್ವಿತಾ.

ಅವರು ಕೈ ಚಾಚಿದರು. “ಕತ್ತರಿ ತಾ” ಎಂದರು.

ಕಿಲುಬು ಹಿಡಿದಷ್ಟನ್ನೂ ಕತ್ತರಿಸಿದರು. ಸಿಪ್ಪೆ ಸುಲಿದಾಗ ಒಳಗಿನ ತಾಮ್ರ ಹೊಸದರ ಹಾಗಿತ್ತು. ಅವರು ಹುರಿ ಮಾಡಿ ಕೊಟ್ಟರು, ಅವಳು ತೂರಿಸಿ ತಿರುಗಿಸಿದಳು. ನಡುವಿನ ಸ್ಪೀಕರು ಉಸಿರಿನಂತೆ ಒಮ್ಮೆ ಸುಯ್ಯೆಂದಿತು, ಆಮೇಲೆ ರಾಜನೊಬ್ಬ ಮಂತ್ರಿಯನ್ನು ಗದರುವುದು ಕೇಳಿತು.

“ನಿಲ್ಲಿಸು, ನಿಲ್ಲಿಸು. ಮೊದಲು ಅವನ ಅಂಕಿಗಳನ್ನು ಹಾಕು.”

ಜಯಪಾಲರು ಕ್ಯಾಲೆಂಡರಿನ ಹಾಳೆಯನ್ನು ಕೈಯುದ್ದ ಹಿಡಿದು ಓದಿದರು. ಅವಳು ರಿಮೋಟು ಒತ್ತಿದಳು. ಯಂತ್ರ ತಾನಾಗಿ ಎಲ್ಲದಕ್ಕೂ 3.6 ಹಾಕಿಕೊಂಡಿತ್ತು. ಒಂದು ಸಲ ಒತ್ತಿದರೆ ಹತ್ತು ಸೆಂಟಿಮೀಟರ್. ನಡುವಿನದಕ್ಕೆ ಹತ್ತು ಸಲ, ಎಡಕ್ಕೆ ಮೂರು ಸಲ, ಬಲಕ್ಕೆ ಹದಿನೈದು ಸಲ. ಆಮೇಲೆ ಹಿಂದಿನ ಎರಡು ಸ್ಪೀಕರುಗಳು. ಮಾತಿನ ಸ್ಪೀಕರಿನ ಸದ್ದಿನ ಲೆಕ್ಕಕ್ಕೆ ಬಂದಾಗ ಅವರ ದನಿ ಸಣ್ಣದಾಯಿತು.

“ಆರು” ಎಂದರು.

ಆರು ಮಾಡಿದಳು.

ಅವರು ಕೊಡೆಯನ್ನು ಕುರ್ಚಿಯ ಕೈಗೆ ನೇತುಹಾಕಿ, ಬಾಗಿಲ ಬದಿಯಲ್ಲಿ ಕೂತರು. ಕೂತವರು ಮತ್ತೆ ಎದ್ದು, ಬೆನ್ನು ಕುರ್ಚಿಗೆ ಸರಿಯಾಗಿ ತಾಗುವಂತೆ ಕೂತರು. ಮಂತ್ರಿ ವಾದ ಶುರುಮಾಡಿದ. ಸ್ವಲ್ಪ ಹೊತ್ತಿಗೆ ಜಯಪಾಲರು “ಹಾಂ, ಅದಕ್ಕೆ ಉತ್ತರ ಕೊಡು ನೋಡುವ!” ಎಂದು ರಾಜನಿಗೆ ಹೇಳಿದರು.

ಮನ್ವಿತಾ ಸೋಫಾದಲ್ಲಿ ಕೂತಳು. ಮಾತು ಕಿವಿಗೆ ಬಡಿಯುತ್ತಿತ್ತು. ಮದ್ದಳೆ ಎಡಕ್ಕೆ ವಾಲುತ್ತಿತ್ತು. ಮೊದಲೂ ಹಾಗೆಯೇ ಇತ್ತು.