ಮೊದಲ ಸೇರು ಹೊಟ್ಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ 2003ರ ಆ ಭಾನುವಾರ ಸಾಲಿಗ್ರಾಮಕ್ಕೆ ಬಂದಾಗ, ಯಾರಾದರೂ ಮಾತಾಡಿಸಿದರೆ ಸಾಕು, ಹರಿದು ತಿನ್ನುವ ಹಾಗಿದ್ದೆ. ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷದಿಂದ ನನ್ನದು ಒಂದೇ ಕೆಲಸ: ಎಣ್ಣೆಯಿಲ್ಲದೆ, ಬರೀ ಗಾಳಿಯ ಪದರದ ಮೇಲೆ ತಿರುಗುವ ಬೇರಿಂಗು. ಉಕ್ಕಿನ ಬಿಲ್ಲೆಯ ಮೈಮೇಲೆ ಲೇಸರಿನಿಂದ ಸಣ್ಣಸಣ್ಣ ಕುಳಿ ಹೊಡೆಸಿದರೆ, ತಿರುಗುವಾಗ ಗಾಳಿ ಅಲ್ಲಿ ಒತ್ತಡ ಕಟ್ಟಿ ಬಿಲ್ಲೆಯನ್ನು ಎತ್ತಿ ಹಿಡಿಯಬೇಕು, ತಿಕ್ಕಾಟ ಇಳಿಯಬೇಕು. ಪುಸ್ತಕವೇನೋ ಹಾಗನ್ನುತ್ತದೆ. ನನ್ನ ಎರಡು ಬಿಲ್ಲೆಗಳು ಕಿರ್ರೆಂದು ಉಜ್ಜಿ ಕಪ್ಪು ಪುಡಿ ಉದುರಿಸಿದವು. ಉಳಿದಿದ್ದು ಒಂದೇ. ಮಂಗಳವಾರದ ಪರೀಕ್ಷೆಯಲ್ಲಿ ಅದೂ ಕೆಟ್ಟರೆ ವಿಷಯ ಬದಲಾಯಿಸು ಎಂದು ಗೈಡ್ ಹೇಳಿಬಿಟ್ಟಿದ್ದರು.

ಸೋದರಮಾವ ಗಂಗಾಧರಪ್ಪನ ಹಿಟ್ಟಿನ ಗಿರಣಿ ಅವತ್ತು ನಿಂತಿತ್ತು. ಸವೆದ ಕಲ್ಲನ್ನು ಮಗುಚಿ ಹಾಕಿಕೊಂಡು ಉಳಿಯಿಂದ ಹೊಸ ಕುಳಿ ಕುಟ್ಟುತ್ತಿದ್ದ ಮಾವ, ಉಳಿದ ಆ ಬಿಲ್ಲೆಯನ್ನಿಟ್ಟಿದ್ದ ನನ್ನ ಕೈಯ ಡಬ್ಬಿ ನೋಡಿದ.

“ಏನವ್ವ ಸುಧಾ, ಕೋಳಿಮೊಟ್ಟೆ ಹಿಡ್ಕೊಂಡಂಗೆ ಹಿಡ್ಕೊಂಡಿದ್ದೀಯ? ತೋರ್ಸು.”

“ಮುಟ್ಬೇಡ ಮಾವ! ಇದು ನಿನ್ನ ರಾಗಿ ಕಲ್ಲಲ್ಲ.”

“ಆಯ್ತು ಬುಡು, ಮುಟ್ಟಾಕಿಲ್ಲ.”

ನಾನು ಡಬ್ಬಿ ತೆರೆದು ಹಿಡಿದೆ. ಮಾವ ಹೆಗಲ ಟವೆಲ್ಲಿನಿಂದ ಒಂದು ನೂಲೆಳೆ ಕಿತ್ತು ಬಿಲ್ಲೆಯ ಮೇಲೆ ಮೆಲ್ಲಗೆ ಎಳೆದ. ಎಳೆ ಅಲ್ಲಲ್ಲಿ ಸಿಕ್ಕಿಕೊಂಡಿತು.

“ಕುಳಿ ಸರಿಯಾಗೇ ಅದೆ ಕಣವ್ವ. ಅದರ ಸುತ್ತ ಅಂಚು ಎದ್ದದೆ. ಹೊಟ್ಟು ಹಾಕ್ದ್ಯಾ?”

“ಹೊಟ್ಟಾ?”

“ಅಯ್ಯೋ, ನಿನ್ನ ಓದಿಗಿಷ್ಟು ಬೆಂಕಿ ಹಾಕ! ಕಲ್ಲು ಕುಟ್ಟಿದ್ಮೇಲೆ ಮೊದಲ ಸೇರು ಯಾವತ್ತೂ ಹೊಟ್ಟು. ಎದ್ದಿರೋ ಅಂಚು ತೇದು ಹೋಗ್ಲಿ ಅಂತ. ಆಮ್ಯಾಕೆ ರಾಗಿ.”

ನನ್ನ ಕಿವಿ ಬಿಸಿಯಾಯಿತು. ಲೇಸರಿಗೆ ಕರಗಿದ ಉಕ್ಕು ಕುಳಿಯ ಬಾಯಲ್ಲೇ ಗಟ್ಟಿಯಾಗಿ ನಿಂತಿತ್ತು. ಮೊದಲಿನ ಎರಡು ಬಿಲ್ಲೆಗಳನ್ನು ನಾನು ಬಟ್ಟೆಯಲ್ಲಿ ಒರೆಸಿ ಹಾಗೇ ತಿರುಗಿಸಿದ್ದೆ. ಈ ಗಿರಣಿಯಲ್ಲೇ ಆಡಿ ಬೆಳೆದವಳು, ಥೂ ನನ್ನ! ಸೋಮವಾರ ಕಾಲೇಜಿಗೆ ಮರಳಿ ಗಾಜಿನ ಹಲಗೆಯ ಮೇಲೆ ನುಣುಪಾದ ಪಾಲಿಶ್ ಪುಡಿ ಹಾಕಿ, ಉಸಿರು ಬಿಗಿಹಿಡಿದು ಬಿಲ್ಲೆಯನ್ನು ತಿಕ್ಕಿದೆ. ನೂಲೆಳೆ ಎಲ್ಲೂ ಸಿಕ್ಕದೆ ಜಾರುವವರೆಗೂ ಬಿಡಲಿಲ್ಲ.

ಮಂಗಳವಾರ ಸಂಜೆ ಗಿರಣಿಯ ಎದುರಂಗಡಿಗೆ ಫೋನ್ ಮಾಡಿ ಮಾವನನ್ನು ಕರೆಸಿದೆ.

“ಬಿಲ್ಲೆ ತಿರುಗ್ತೇನವ್ವ?”

“ಮೂರು ಗಂಟೆ ಹೊತ್ತು ತಿರುಗ್ತು ಮಾವ. ಸದ್ದೇ ಇಲ್ಲ.”

“ಪುಡಿ ಎಷ್ಟು ಬಿತ್ತು?”

“ಒಂದು ಚೂರೂ ಬೀಳಲಿಲ್ಲ.”



“ಮೂರು ಗಂಟೆ ಬೀಸಿ ಒಂದು ಚಿಟಿಕೆ ಹಿಟ್ಟಿಲ್ವಾ? ನನ್ನ ಗಿರಣಿ ಕಡೆ ಮಾತ್ರ ಬರ್ಬೇಡ ತಾಯಿ” ಎಂದ. ನಾನು ನಗುತ್ತಲೇ ಅತ್ತುಬಿಟ್ಟೆ.